ಇಡ್ಲಿಯ ಮುಂದೆ ಮೂರು ತಲೆಮಾರು

ಕಳೆದ ಭಾನುವಾರ ಬೆಳಿಗ್ಗೆ ನಾವು ಮನೆಮಂದಿಯೆಲ್ಲ ಬಸವನಗುಡಿಯಲ್ಲಿ ನಮ್ಮ ಬೀದಿಯ ತುದಿಗಿರುವ ಹೋಟೆಲಿಗೆ ತಿಂಡಿಗೆ ಹೋಗಿದ್ದೆವು. ನಮ್ಮ ತಂದೆಯವರು, ನನ್ನ ಹೆಂಡತಿ, ಮಗಳು, ನಾನು, ನಾಲ್ವರೂ ಒಂದೇ ಮೇಜಿಗೆ ಕುಳಿತೆವು. ಮಾಣಿ ಇಡ್ಲಿ ತಂದಿಟ್ಟ. ಹಬೆಯಾಡುತ್ತಿದ್ದ ತಟ್ಟೆಯನ್ನು ನೋಡುತ್ತ ಮಗಳು, "ತಾತ, ಇಡ್ಲಿ ಮೊದಲು ಮಾಡಿದ್ದು ಯಾರು?" ಎಂದಳು. "ನಿಮ್ಮಪ್ಪನ್ನ ಕೇಳವ್ವ, ಅವನು ಮೇಷ್ಟ್ರು" ಎಂದು ಅವರು ನಕ್ಕರು.

ಮೇಷ್ಟರಿಗೆ ಅಷ್ಟು ಸಾಕಾಯಿತು. ಹತ್ತನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ 'ವಡ್ಡಾರಾಧನೆ'ಯಲ್ಲಿಯೇ 'ಇಡ್ಡಲಿಗೆ'ಯ ಹೆಸರಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ' ಅದನ್ನು ಮಾಡುವ ಬಗೆಯನ್ನೂ ಹೇಳುತ್ತದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿಯಲ್ಲಿ ಕಲಸಿ, ಜೀರಿಗೆ, ಮೆಣಸು, ಇಂಗು ಸೇರಿಸಬೇಕು. ಅಕ್ಕಿಯ ಮಾತೇ ಅಲ್ಲಿಲ್ಲ. ಅಕ್ಕಿ ಸೇರಿದ್ದು ಆಮೇಲೆ. ಆ ಅಕ್ಕಿಗೂ ಒಮ್ಮೆ ಬರ ಬಂತು. ೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋಯಿತು. ಯುದ್ಧಕಾಲದ ಆ ಅಭಾವದಲ್ಲಿಯೇ ರವೆ ಇಡ್ಲಿ ತಮ್ಮ ಅಡಿಗೆಮನೆಯಲ್ಲಿ ಹುಟ್ಟಿತೆಂದು ಎಂ.ಟಿ.ಆರ್.ನವರು ಹೇಳುತ್ತಾರೆ. ೧೯೨೪ರಲ್ಲಿ ಆರಂಭವಾದಾಗ ಆ ಸಂಸ್ಥೆಯ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'.

"ಹೋಟ್ಲಿಗೆ ಜಾತಿ ಹೆಸರು ಯಾಕೆ?" ಎಂದು ಮಗಳು ಕೇಳಿದಳು. ಅಂಥ ಹೆಸರುಗಳು ಆ ಕಾಲದಲ್ಲಿ ಸಾಮಾನ್ಯವಾಗಿದ್ದವು, ಮಡಿಯ ಅಡಿಗೆಯೆಂದು ಗಿರಾಕಿಗಳಿಗೆ ಭರವಸೆ ಕೊಡುವುದಕ್ಕಾಗಿ, ಎಂದು ನಾನು ವಿವರಿಸುತ್ತಿದ್ದೆ. ತಂದೆಯವರು ಚಮಚವನ್ನು ಕೆಳಗಿಟ್ಟರು.

"ನನಗೆ ಹತ್ತು ವರ್ಷ ಇರಬೇಕು, ಐವತ್ತೆಂಟನೇ ಇಸವಿ. ಸಂತೆ ದಿನ ನಮ್ಮಪ್ಪ ಕರ್ಕೊಂಡು ಹೋಗಿದ್ದ. ಹೋಟ್ಲೊಳಕ್ಕೆ ನಾವು ಹೋಗೋ ಹಾಗಿರಲಿಲ್ಲ. ಜಗಲಿ ಕೆಳಗೆ ಕೂತ್ಕೊಂಡರೆ ಮುತ್ತುಗದೆಲೆಗೆ ಇಡ್ಲಿ ಮೇಲಿಂದ ಹಾಕೋರು. ಕಾಫಿಗೆ ತೆಂಗಿನ ಚಿಪ್ಪು. ದುಡ್ಡು ಮಾತ್ರ ಎಲ್ಲರಷ್ಟೇ."

ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ಮನಸ್ಸಿನಲ್ಲಿಯೇ ಇಸವಿಗಳನ್ನು ಕೂಡಿಸಿ ನೋಡಿದೆ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ೧೫ನೆಯ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಗೆ ಬಾರದಂತೆ ತಡೆಯಕೂಡದೆಂದು ಹೇಳುತ್ತದೆ. ದೇಶದ ಮೂಲ ಶಾಸನದಲ್ಲಿ ಹೋಟೆಲಿನ ಬೆಂಚಿಗೂ ಜಾಗ ಬೇಕಾಯಿತೆಂದರೆ ಆ ಬೆಂಚಿನ ಬೆಲೆ ಎಷ್ಟೆಂದು ಊಹಿಸಬಹುದು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹಾಗೆ ತಡೆದವರಿಗೆ ಶಿಕ್ಷೆಯನ್ನೂ ಗೊತ್ತುಮಾಡಿತು. ನಮ್ಮ ತಂದೆಯವರು ಜಗಲಿಯ ಕೆಳಗೆ ಕುಳಿತದ್ದು ಅದಾಗಿ ಮೂರು ವರ್ಷಕ್ಕೆ. ಕಾಯಿದೆ ದೆಹಲಿಯಿಂದ ಹೊರಟಿತ್ತು. ಆ ಸಂತೆಯ ಊರನ್ನು ಇನ್ನೂ ಮುಟ್ಟಿರಲಿಲ್ಲ.

ಇಡ್ಡಲಿಗೆಯ ಹೆಸರನ್ನು ಹುಡುಕಲು ನನಗೆ ಗ್ರಂಥಗಳಿದ್ದವು. ಅದು ಯಾರ ಎಲೆಗೆ ಹೇಗೆ ಬಿತ್ತೆಂಬುದನ್ನು ಬಲ್ಲವರು ಮನೆಯಲ್ಲಿಯೇ ಇದ್ದರು. ಇಷ್ಟು ವರ್ಷ ನಾನು ಕೇಳಿರಲಿಲ್ಲ.

ಕೊನೆಗೆ ಮಗಳೇ ಮೆಲ್ಲಗೆ, "ತಾತ, ಆ ಇಡ್ಲಿ ಚೆನ್ನಾಗಿತ್ತಾ?" ಎಂದಳು.

"ಬಲು ಚೆನ್ನಾಗಿತ್ತು ಕಣವ್ವ. ಅದಕ್ಕೇ ಇನ್ನೂ ಮರೆತಿಲ್ಲ."

ಅಷ್ಟರಲ್ಲಿ ಮಾಣಿ ಬಂದು, "ಯಜಮಾನ್ರೇ, ಇನ್ನೇನು ಕೊಡ್ಲಿ?" ಎಂದ. ತಂದೆಯವರು ಇನ್ನೊಂದು ಪ್ಲೇಟು ಇಡ್ಲಿ ಹೇಳಿದರು. ಅದನ್ನು ಅವರು ಅವಸರವಿಲ್ಲದೆ ತಿಂದು ಮುಗಿಸುವವರೆಗೆ ನಾವು ಮೂವರೂ ಕಾಯುತ್ತ ಕುಳಿತಿದ್ದೆವು.