ಒಂದು ತಲೆ, ಎರಡು ಪ್ರಾಣಿ: ಬಾದಾಮಿಯ ಆನೆ–ಎತ್ತು

ಕನ್ನಡನಾಡಿನ ಶಿಲ್ಪಕಲೆಯ ಮಾತು ಬಂದಾಗಲೆಲ್ಲ ನಾವು ಬೇಲೂರಿನ ಮದನಿಕೆಯರನ್ನು, ಹಂಪಿಯ ಕಲ್ಲಿನ ರಥವನ್ನು ನೆನೆಯುತ್ತೇವೆ. ನೋಡುವವರ ದೃಷ್ಟಿ ಬದಲಾದಂತೆ ತಾವೂ ಬದಲಾಗುವ ಪ್ರಾಣಿಚಿತ್ರಗಳೂ ನಮ್ಮಲ್ಲಿವೆ ಎಂಬುದು ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿಯದು.

ಚಾಲುಕ್ಯ ಅರಸ ಒಂದನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದನು. ಅಲ್ಲಿನ ಕೆಂಪು ಮರಳುಗಲ್ಲಿನಲ್ಲಿ ಕೊರೆದ ನಾಲ್ಕು ಗುಹಾಲಯಗಳಿಗೆ ಊರಿನವರು ಮೇಣಬಸದಿ ಎನ್ನುತ್ತಾರೆ. ಮೂರನೆಯ ಗುಹೆಯ ಶಾಸನದ ಕಾಲ 578. ಮೊದಲನೆಯದು ಶಿವಾಲಯ. ಅದರ ಬಲಬದಿಯಲ್ಲಿ ಹದಿನೆಂಟು ಕೈಗಳ ನಟರಾಜ. ಬಂದವರೆಲ್ಲ ಅಲ್ಲಿಯೇ ನಿಂತು ಫೋಟೋ ತೆಗೆದುಕೊಂಡು ಮೇಲಿನ ಗುಹೆಗೆ ಹತ್ತುತ್ತಾರೆ. ಎಡಬದಿಯ ದ್ವಾರಪಾಲಕನ ಕೆಳಗೆ ಒಂದು ಪುಟ್ಟ ಶಿಲ್ಪವಿದೆ. ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಎತ್ತು. ದೇಹಗಳು ಎರಡು, ತಲೆ ಮಾತ್ರ ಒಂದೇ. ಅಂಗೈಯಿಂದ ಒಂದು ದೇಹವನ್ನು ಮರೆಮಾಡಿದರೆ ಉಳಿದದ್ದು ಪೂರ್ಣ ಪ್ರಾಣಿ. ಅದಕ್ಕೆ ಏನೂ ಕೊರತೆಯಾಗುವುದಿಲ್ಲ.

ಈ ಕೌಶಲ ಅಲ್ಲಿಗೇ ನಿಲ್ಲಲಿಲ್ಲ. ಸುಮಾರು ಆರುನೂರು ವರ್ಷಗಳ ನಂತರ ಚೋಳರು ಕುಂಭಕೋಣದ ಬಳಿಯ ದಾರಾಸುರಂ ದೇವಾಲಯದಲ್ಲಿ ಇದೇ ಜೋಡಿಯನ್ನು ಕಡೆಸಿದರು. ವಿಜಯನಗರದ ಅಚ್ಯುತರಾಯನ ಕಾಲದ ಲೇಪಾಕ್ಷಿಯಲ್ಲಿ ಒಂದೇ ದೇಹಕ್ಕೆ ಮೂರು ತಲೆಗಳ ಗೋವಿದೆ. ಯಾವ ತಲೆಯ ಮೇಲೆ ನೋಟ ನೆಡುತ್ತೇವೋ ಅದರಂತೆ ಗೋವಿನ ಭಂಗಿ ಬದಲಾಗುತ್ತದೆ. ಲೇಪಾಕ್ಷಿ ಈಗ ಆಂಧ್ರಕ್ಕೆ ಸೇರಿದ್ದರೂ ಅಲ್ಲಿ ಕನ್ನಡ ಶಾಸನಗಳಿವೆ.

ಯೂರೋಪಿನಲ್ಲಿ ಇಂಥ ಚಿತ್ರವೆಂದರೆ ಎಲ್ಲರಿಗೂ ನೆನಪಾಗುವುದು ಬಾತುಕೋಳಿಯೂ ಮೊಲವೂ ಆಗಿ ಕಾಣುವ ಚಿತ್ರ. ಅದು ಜರ್ಮನಿಯ ಹಾಸ್ಯಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1892ರಲ್ಲಿ. ಹಾಗೆಂದು ಈ ಜಾಣ್ಮೆ ನಮ್ಮೊಬ್ಬರದೇ ಎಂದು ಬೀಗಬೇಕಾಗಿಲ್ಲ. ಚೀನಾದ ದುನ್‌ಹುವಾಂಗ್ ಗುಹೆಗಳಲ್ಲಿ, ಹೆಚ್ಚುಕಡಿಮೆ ಬಾದಾಮಿಯ ಕಾಲದಲ್ಲಿಯೇ, ವರ್ತುಲವಾಗಿ ಓಡುವ ಮೂರು ಮೊಲಗಳನ್ನು ಬರೆದಿದ್ದಾರೆ. ಪ್ರತಿ ಮೊಲಕ್ಕೂ ಎರಡು ಕಿವಿ, ಎಣಿಸಿದರೆ ಒಟ್ಟು ಮೂರೇ! ಅದೇ ಮೊಲಗಳು ಇಂಗ್ಲೆಂಡಿನ ಡೆವನ್ ಸೀಮೆಯ ಹಳೆಯ ಚರ್ಚುಗಳ ಮಾಡಿನಲ್ಲಿಯೂ ಇವೆ. ವಿಡಿಕೂಮ್ ಊರಿನ ಚರ್ಚಿನಲ್ಲಿ ತಲೆಯೆತ್ತಿದರೆ ಕಾಣುತ್ತವೆ.

ಪಿನ್ನರ್‌ನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇದು ಬರಿಯ ಕಲೆಯ ಮಾತಲ್ಲ. ‘ನೀನು ಇಲ್ಲಿಯವನೋ, ಅಲ್ಲಿಯವನೋ?’ ಎಂಬ ಪ್ರಶ್ನೆಯನ್ನು ನಮ್ಮ ಮಕ್ಕಳು ಎರಡೂ ದೇಶಗಳಲ್ಲಿ ಕೇಳಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ಒಂದು ನುಡಿ, ಅಜ್ಜಿಯ ಮುಂದೆ ಇನ್ನೊಂದು. ಎರಡರಲ್ಲಿ ಒಂದನ್ನು ಬಿಟ್ಟರೇ ಮೇಲೆಂದು ಹೇಳುವವರೂ ಉಂಟು. ಆನೆಯೋ ಎತ್ತೋ ಎಂಬ ತೀರ್ಪನ್ನು ಬಾದಾಮಿಯ ಶಿಲ್ಪಿ ಕೊಡಲಿಲ್ಲ. ಎರಡಕ್ಕೂ ಸಲ್ಲುವ ಒಂದು ತಲೆಯನ್ನು ಮಾತ್ರ ಎಚ್ಚರದಿಂದ ಕಡೆದನು. ತಲೆ ಕೆಟ್ಟಿದ್ದರೆ ಎರಡೂ ಪ್ರಾಣಿಗಳು ಕೆಡುತ್ತಿದ್ದವು. ಮನೆಯಲ್ಲಿ ಕನ್ನಡ ಕಲಿಸುವ ನಮ್ಮ ಹೊಣೆಯೂ ಅಂಥದ್ದೇ.

ಮುಂದಿನ ಬಾರಿ ಊರಿಗೆ ಹೋದಾಗ ಬಾದಾಮಿಗೆ ಒಂದು ದಿನ ಮೀಸಲಿಡೋಣ. ನಟರಾಜನಿಗೆ ಕೈಮುಗಿದ ಮೇಲೆ ಮಕ್ಕಳನ್ನು ಎಡಬದಿಗೆ ಕರೆದೊಯ್ಯೋಣ. ಏನು ಕಾಣಿಸುತ್ತದೆಂದು ಮೊದಲೇ ಹೇಳಿಬಿಡುವುದು ಬೇಡ. ಅವರೇ ನೋಡಿ ಹೇಳಲಿ.