ಪದ ಪರಿಚಯ: ಪಾಂಡಾ ಮತ್ತು ಬ್ಯಾಂಡಿಕೂಟ್

'ಪಾಂಡಾ' ಎಂದೊಡನೆ ಕಣ್ಣಿಗೆ ಕಟ್ಟುವುದು ಚೀನಾದ ಕಪ್ಪು-ಬಿಳುಪಿನ ಕರಡಿ. ಆದರೆ ಈ ಹೆಸರು ಮೊದಲು ಸಂದದ್ದು ಹಿಮಾಲಯದ ಕೆಂಪು ಪಾಂಡಾಕ್ಕೆ. ಫ್ರೆಂಚ್ ವಿಜ್ಞಾನಿ ಫ್ರೆಡರಿಕ್ ಕ್ಯುವಿಯೆ ಅದನ್ನು 1825ರಲ್ಲಿ ವರ್ಣಿಸಿದ. ಬಿದಿರು ಮೆಲ್ಲುವ ಈ ಪ್ರಾಣಿಗೆ ನೇಪಾಳದಲ್ಲಿದ್ದ 'ನಿಗಾಲ್ಯ ಪೊನ್ಯ' ಎಂಬ ಹೆಸರಿನ ಕೊನೆಯ ಭಾಗವೇ 'ಪಾಂಡಾ' ಆಯಿತೆಂಬುದು ಹೆಚ್ಚಿನವರು ಒಪ್ಪುವ ವಿವರಣೆ. 1869ರಲ್ಲಿ ಪಾಶ್ಚಾತ್ಯರಿಗೆ ಪರಿಚಯವಾದ ದೊಡ್ಡ ಪ್ರಾಣಿಗೆ ಮುಂದೆ ಅದೇ ಹೆಸರು ಅಂಟಿಕೊಂಡಿತು.

ನಮ್ಮ ದಕ್ಷಿಣದ ಪದವೊಂದೂ ಹೀಗೆಯೇ ಪ್ರಾಣಿಯಿಂದ ಪ್ರಾಣಿಗೆ ದಾಟಿದೆ. ಇಂಗ್ಲಿಷಿನ 'ಬ್ಯಾಂಡಿಕೂಟ್' ತೆಲುಗಿನ 'ಪಂದಿಕೊಕ್ಕು', ಅಂದರೆ ಹಂದಿಯಿಲಿ, ನಮ್ಮ ಹೆಗ್ಗಣ. ಮುಂದೆ ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿಯೊಂದಕ್ಕೂ ಇದೇ ಹೆಸರಾಯಿತು. ಈ 'ಪಂದಿ' ಹಳಗನ್ನಡದಲ್ಲೂ ಪಂದಿಯೇ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಂದಿ ಹಂದಿಯಾಯಿತು. ತಮಿಳರಿಗೆ ಅದು ಪನ್ರಿ.

ದಕ್ಷಿಣದ ಭಾಷೆಗಳ ನಡುವಿನ ಇಂಥ ನಂಟನ್ನು ಪಟ್ಟಿ ಮಾಡಿ ತೋರಿಸಿದ್ದು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು. 1812ರಲ್ಲಿ ಆರಂಭವಾದ ಈ ಸಂಸ್ಥೆಯ ನೆನಪು ನುಂಗಂಬಾಕ್ಕಂನ ಕಾಲೇಜು ರಸ್ತೆಯ ಹೆಸರಿನಲ್ಲಿ ಉಳಿದಿದೆ. ಅದರ ಮುಂದಾಳು ಎಫ್. ಡಬ್ಲ್ಯೂ. ಎಲ್ಲಿಸ್, 1816ರಲ್ಲಿ ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಅಕ್ಕಪಕ್ಕದಲ್ಲಿಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಒಂದೇ ಕುಟುಂಬದವು ಎಂದು ವಾದಿಸಿದ.

ಒಂದು ಊರಿನ ಪ್ರಾಣಿಹೆಸರು ಲೋಕದ ನಿಘಂಟನ್ನು ಸೇರಬಲ್ಲದು. ನಿಮ್ಮ ಸೀಮೆಯ ಹಿರಿಯರು ಬಳಸುವ ಇಂಥ ಹೆಸರುಗಳನ್ನು ಇಂದೇ ಬರೆದಿಡಿ.