ಕೂಗು ಮತ್ತು ಕಿವಿ: ಅತ್ಯಾಚಾರಕ್ಕೆ ಒಳಗಾದವರ ಮಾತನ್ನು ನಂಬುವ ಹೊಣೆಯ ಕುರಿತು ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಒಂದು ಊರಿಗೆ ಸಭಾಸೇವೆಗೆಂದು ಹೋಗುವ ಯುವ ಪಾಲಕರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅಂತಹ ಊರಿನಲ್ಲಿ ಎಲ್ಲರಿಗೂ ಎಲ್ಲರ ಗುರುತಿದೆ. ನ್ಯಾಯಾಲಯಕ್ಕೆ ಹರಿಹರಕ್ಕೂ ಜಿಲ್ಲಾ ಆಸ್ಪತ್ರೆಗೆ ದಾವಣಗೆರೆಗೂ ಹೋಗಬೇಕು. ಒಂದು ಸಂಜೆ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಪಾಲಕರ ಮನೆಯ ಬಾಗಿಲಿಗೆ ಬರುತ್ತಾಳೆ. ಹುಡುಗಿ ಅರ್ಧ ಹೇಳುತ್ತಾಳೆ, ಅರ್ಧ ನುಂಗುತ್ತಾಳೆ. ಪೊಲೀಸರು, ವೈದ್ಯರು, ನ್ಯಾಯಾಧೀಶರು ಇನ್ನೂ ಮುಂದಿದ್ದಾರೆ. ಮೊದಲು ಕೇಳಿಸಿಕೊಂಡವರು ಪಾಲಕರು. ಆಗ ಅವರ ಬಾಯಿಂದ ಹೊರಡುವ ಮೊದಲ ಮಾತು ಆ ಹುಡುಗಿ ಮುಂದೆ ಮಾತನಾಡುವಳೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ನಮ್ಮ ದೇವಜ್ಞಾನ ಶಾಲೆಗಳಲ್ಲಿ ಪ್ರಸಂಗ ಮಾಡುವುದನ್ನು ಕಲಿಸಲಾಗುತ್ತದೆ. ಕೇಳಿಸಿಕೊಳ್ಳುವುದಕ್ಕೆ ಅಷ್ಟೇ ಅಭ್ಯಾಸ ದೊರೆಯುವುದಿಲ್ಲ. ಹೆಣ್ಣಿನ ಇಂತಹ ಮಾತನ್ನು ಸತ್ಯವೇದದ ಕಾಲದಿಂದ ನಮ್ಮ ಕಾಲದವರೆಗೆ ಯಾರು ಹೇಗೆ ಕೇಳಿಸಿಕೊಂಡರು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಇದರ ವಾದ ಸರಳವಾದದ್ದು: ಚರಿತ್ರೆಯುದ್ದಕ್ಕೂ ಸಮಾಜವು ಆಕೆ ಕೂಗಿದಳೋ ಇಲ್ಲವೋ ಎಂದು ವಿಚಾರಿಸಿತೇ ಹೊರತು, ಕೂಗಿದ್ದರೆ ಕೇಳುವ ಕಿವಿ ಎಲ್ಲಿತ್ತು ಎಂದು ವಿಚಾರಿಸಲಿಲ್ಲ.

1. ಊರೊಳಗಿನ ಕೂಗು, ಹೊಲದಲ್ಲಿನ ಕೂಗು

ಧರ್ಮೋಪದೇಶಕಾಂಡ 22ನೆಯ ಅಧ್ಯಾಯದಲ್ಲಿ ಎರಡು ನಿಯಮಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ನಿಶ್ಚಿತಾರ್ಥವಾದ ಹುಡುಗಿಯೊಡನೆ ಊರೊಳಗೆ ಒಬ್ಬನು ಕೂಡಿದರೆ, ಆಕೆ ಕೂಗಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಆಕೆಗೂ ಶಿಕ್ಷೆ (22:23-24). ಅದೇ ಹೊಲದಲ್ಲಿ ಬಲಾತ್ಕಾರ ನಡೆದರೆ ಆಕೆಯಲ್ಲಿ ತಪ್ಪಿಲ್ಲ. ಆಕೆ ಕೂಗಿಕೊಂಡಿರುವಳೆಂದೂ ರಕ್ಷಿಸುವವರು ಇರಲಿಲ್ಲವೆಂದೂ ನಿಯಮವೇ ಭಾವಿಸುತ್ತದೆ (22:25-27). ಈ ಎರಡನೆಯ ನಿಯಮವು ಕೃತ್ಯವನ್ನು ಕೊಲೆಗೆ ಹೋಲಿಸುತ್ತದೆ ಎಂಬುದು ಗಮನಾರ್ಹ. ಸಾಕ್ಷಿಗಳಿಲ್ಲದ ಸ್ಥಳದಲ್ಲಿ ಅದು ಸಂಶಯದ ಲಾಭವನ್ನು ಹೆಣ್ಣಿಗೆ ಕೊಡುತ್ತದೆ. ಆದರೆ ಮೊದಲನೆಯ ನಿಯಮವು ಊರೊಳಗೆ ಕೂಗಿದರೆ ಯಾರಾದರೂ ಬಂದೇ ಬರುವರೆಂಬ ಭರವಸೆಯ ಮೇಲೆ ನಿಂತಿದೆ. ಆ ಭರವಸೆ ಎಷ್ಟು ದುರ್ಬಲವೆಂಬುದನ್ನು ಸತ್ಯವೇದವೇ ಬೇರೊಂದು ಕಡೆ ತೋರಿಸಿಕೊಡುತ್ತದೆ.

2 ಸಮುವೇಲ 13ರಲ್ಲಿ ತಾಮಾರಳು ಊರೊಳಗಲ್ಲ, ಅರಸನ ಮಕ್ಕಳ ಮನೆಯೊಳಗೇ ಇದ್ದಳು. ಆಕೆ ಮೊದಲೇ ಬೇಡವೆಂದಳು, ಕಾರಣ ಹೇಳಿದಳು, ತನಗಾಗುವ ಅವಮಾನವನ್ನು ತಿಳಿಸಿದಳು. ಆಮೇಲೆ ತಲೆಯ ಮೇಲೆ ಬೂದಿ ಹಾಕಿಕೊಂಡು, ಅಂಗಿಯನ್ನು ಹರಿದುಕೊಂಡು, ಗಟ್ಟಿಯಾಗಿ ಅಳುತ್ತಾ ಹೋದಳು. ಕಾನೂನು ಕೇಳುವ ಕೂಗು ಇದಕ್ಕಿಂತ ಬೇರೆಯಲ್ಲ. ಆದರೂ ಅಣ್ಣನಾದ ಅಬ್ಷಾಲೋಮನು ಆಕೆಗೆ ಸುಮ್ಮನಿರಲು ಹೇಳಿದನು. ಅರಸನಾದ ದಾವೀದನು ಕೋಪಗೊಂಡನು. ಆ ಕೋಪದಿಂದ ಆಕೆಗೆ ಯಾವ ನ್ಯಾಯವೂ ದೊರೆಯಲಿಲ್ಲ. ಅಬ್ಷಾಲೋಮನು ತಂಗಿಯನ್ನು ನಂಬಿದನೆಂಬುದು ನಿಜ, ಆದರೆ ಆ ನಂಬಿಕೆಯನ್ನು ತನ್ನ ಸೇಡಿನ ಬಂಡವಾಳ ಮಾಡಿಕೊಂಡನು. ತಾಮಾರಳು ಅವನ ಮನೆಯಲ್ಲಿ ಒಂಟಿಯಾಗಿ ಉಳಿದಳು. ನಂಬುವುದು ಮಾತ್ರ ಸಾಲದು, ಯಾರಿಗೋಸ್ಕರ ನಂಬುತ್ತೇವೆ ಎಂಬುದೂ ಮುಖ್ಯವೆಂಬುದನ್ನು ಈ ಅಧ್ಯಾಯ ಕಲಿಸುತ್ತದೆ.

ಹೊಸ ಒಡಂಬಡಿಕೆಯ ಓದುಗರಾದ ನಾವು ಲೂಕ 24:11ನ್ನು ಮರೆಯುವಂತಿಲ್ಲ. ಪುನರುತ್ಥಾನದ ಮೊದಲ ಸುದ್ದಿಯನ್ನು ತಂದವರು ಸ್ತ್ರೀಯರು. ಅಪೊಸ್ತಲರಿಗೆ ಅದು ಬರಿಯ ಹರಟೆಯಾಗಿ ಕಂಡಿತು. ಸಭೆಯ ಅಡಿಪಾಯವೇ ನಂಬಲ್ಪಡದ ಸ್ತ್ರೀಸಾಕ್ಷ್ಯದ ಮೇಲೆ ನಿಂತಿದೆ.

2. ರಮಾಬಾಯಿ ಮತ್ತು 1897ರ ಪತ್ರ

ನಮ್ಮ ನಾಡಿನೊಡನೆ ಸಂಬಂಧವಿರುವ ಒಂದು ಪ್ರಸಂಗವನ್ನು ಈಗ ನೋಡೋಣ. ಪಂಡಿತಾ ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ವಿರೋಧವನ್ನು ಎದುರಿಸಿದವರು. ರಮಾಬಾಯಿಯವರ ತಂದೆತಾಯಿಗಳು 1870ರ ದಶಕದ ಬರಗಾಲದಲ್ಲಿ ತೀರಿಕೊಂಡರು. ಹಸಿವೆಂದರೇನು, ದಿಕ್ಕಿಲ್ಲದ ಹೆಣ್ಣಿನ ಸ್ಥಿತಿಯೆಂದರೇನು ಎಂಬುದನ್ನು ಅವರು ಪುಸ್ತಕದಿಂದ ತಿಳಿದವರಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದಾಗ ಅವರು ಮಹಿಳಾ ವೈದ್ಯರು ಬೇಕೆಂದು ಒತ್ತಾಯಿಸಿದರು. ಗಂಡಸರ ಮುಂದೆ ತಮ್ಮ ನೋವನ್ನು ಹೇಳಿಕೊಳ್ಳಲಾರದೆ ಹೆಂಗಸರು ಸಾಯುತ್ತಿದ್ದಾರೆಂಬುದು ಅವರ ಅಳಲಾಗಿತ್ತು. ಹೇಳಿಕೊಳ್ಳಲು ಒಂದು ಸ್ಥಳ ಬೇಕೆಂಬ ಈ ತಿಳಿವಳಿಕೆಯೇ ಅವರ ಮುಂದಿನ ಸೇವೆಯ ಬೀಜ. ಮರುವರ್ಷ ಅವರು ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು, ಮುಂದೆ ಅದು ಪುಣೆಗೆ ಬಂದಿತು.

1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯದಲ್ಲಿ ಸಂಚರಿಸಿದ ರಮಾಬಾಯಿಯವರು, ಪರಿಹಾರ ಶಿಬಿರಗಳಲ್ಲಿಯೂ ಬಡವರ ಆಶ್ರಯಗಳಲ್ಲಿಯೂ ಎಳೆಯ ಹುಡುಗಿಯರು ದುಷ್ಟರ ಕೈಗೆ ಸಿಕ್ಕುತ್ತಿರುವುದನ್ನು ಕಂಡು ಬರೆದರು. ಕಾಪಾಡಬೇಕಾದ ಸ್ಥಳವೇ ಬೇಟೆಯ ಸ್ಥಳವಾಗಿತ್ತು. ಅದೇ ವರ್ಷ ಪುಣೆಯಲ್ಲಿ ಪ್ಲೇಗ್ ಹಬ್ಬಿತು. ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ರೋಗಿಗಳನ್ನು ಆಸ್ಪತ್ರೆಗಳಿಗೂ ಸಂಶಯವಿದ್ದವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸಿದರು. ಆ ವ್ಯವಸ್ಥೆಯಲ್ಲಿ ಯುವತಿಯರಿಗೆ ರಕ್ಷಣೆಯಿಲ್ಲವೆಂದು ರಮಾಬಾಯಿಯವರು 'ಬಾಂಬೆ ಗಾರ್ಡಿಯನ್' ಎಂಬ ಕ್ರೈಸ್ತ ಪತ್ರಿಕೆಗೆ ಪತ್ರ ಬರೆದರು. ತಮ್ಮ ಆಶ್ರಯದಲ್ಲಿದ್ದ ಹುಡುಗಿಯೊಬ್ಬಳಿಗೆ ಒದಗಿದ ಗತಿಯೂ ಅದರ ಹಿಂದಿತ್ತು. ವಿಷಯವು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಮುಂಬಯಿ ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಆರೋಪವನ್ನು ಅಲ್ಲಗಳೆದರು. ಸ್ವತಃ ಕ್ರೈಸ್ತರಾಗಿದ್ದು ಇಂಗ್ಲೆಂಡಿನಲ್ಲಿ ಮಾನ್ಯರಾಗಿದ್ದ ವಿದುಷಿಯ ಮಾತೇ ನಿಲ್ಲಲಿಲ್ಲವೆಂದ ಮೇಲೆ, ಆ ಹುಡುಗಿಯರ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಇದೇ ಸಮಯದಲ್ಲಿ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ಪುಣೆಯ ಇಬ್ಬರು ಸ್ತ್ರೀಯರ ಮೇಲೆ ಸೈನಿಕರು ಅತ್ಯಾಚಾರವೆಸಗಿದರೆಂದು ಹೇಳಿಕೆ ಕೊಟ್ಟರು. ಸ್ವದೇಶಕ್ಕೆ ಮರಳಿದಾಗ ಅದನ್ನು ಸಮರ್ಥಿಸಲು ಆಧಾರ ದೊರೆಯಲಿಲ್ಲ. ಸುದ್ದಿ ಕೊಟ್ಟವರು ಹೆಸರು ಹೇಳಿಕೊಂಡು ಮುಂದೆ ಬರಲಿಲ್ಲ. ಗೋಖಲೆಯವರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಈ ಘಟನೆಯನ್ನು ಚರಿತ್ರಕಾರರು ಗೋಖಲೆಯವರ ರಾಜಕೀಯ ಬದುಕಿನ ಕಹಿ ಗಳಿಗೆಯೆಂದು ವರ್ಣಿಸುವುದುಂಟು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಹೆಸರು ಹೊರಬಿದ್ದರೆ ಮನೆತನದ ಮಾನವೇ ಹೋಗುವ ಸಮಾಜದಲ್ಲಿ ಯಾವ ಕುಟುಂಬ ಸಾಕ್ಷಿಕಟ್ಟೆ ಏರಬಲ್ಲದು? ಆಧಾರ ದೊರೆಯದಿರುವುದು ಒಂದು ಸಂಗತಿ, ಏನೂ ನಡೆಯಲಿಲ್ಲವೆನ್ನುವುದು ಇನ್ನೊಂದು. ಇವೆರಡನ್ನು ಒಂದೇ ಎಂದು ಎಣಿಸಿದ್ದು ಆ ಕಾಲದ ದೋಷ. ಇಂದಿಗೂ ಅದು ಹೋಗಿಲ್ಲ.

ರಮಾಬಾಯಿಯವರ ಉತ್ತರ ಒಂದು ಮನೆಯಾಗಿತ್ತು. ಕೇಡಗಾಂವದಲ್ಲಿ ಬೆಳೆದ ಮುಕ್ತಿ ಸದನದ ಜೊತೆಗೆ, ಲೈಂಗಿಕ ಶೋಷಣೆಗೆ ಸಿಕ್ಕಿದವರಿಗಾಗಿ ಅವರು ಕೃಪಾಸದನವನ್ನು ಸ್ಥಾಪಿಸಿದರು. ಆ ಕಾಲದ ಮಿಷನರಿ ಭಾಷೆ ಇಂತಹ ಸ್ತ್ರೀಯರನ್ನು ಪತಿತೆಯರೆಂದು ಕರೆಯುತ್ತಿತ್ತು. ಅನ್ಯಾಯಕ್ಕೆ ಗುರಿಯಾದವಳನ್ನೇ ಪಾಪಿಯೆಂದು ಹೆಸರಿಸುವ ದೋಷ ಆ ಪದದಲ್ಲಿದೆ. ಆದರೂ ಅವರು ಊಟ, ಹಾಸಿಗೆ, ಓದು, ಕಸುಬು ಕೊಟ್ಟರೆಂಬುದನ್ನು ಕಡೆಗಣಿಸಲಾಗದು.

3. ಸಂಶಯದ ಕಾನೂನು ಬದಲಾದ ಬಗೆ

1872ರ ಸಾಕ್ಷ್ಯ ಅಧಿನಿಯಮದ 155(4)ನೆಯ ಪ್ರಕರಣವು ಅತ್ಯಾಚಾರದ ಮೊಕದ್ದಮೆಯಲ್ಲಿ ದೂರುದಾರಳ ನಡತೆ ಸರಿಯಿಲ್ಲವೆಂದು ತೋರಿಸಿ ಆಕೆಯ ಮಾತನ್ನು ಅಲ್ಲಗಳೆಯಲು ಅವಕಾಶ ನೀಡಿತ್ತು. ಅದು 2002ರ ತಿದ್ದುಪಡಿಯವರೆಗೂ ಉಳಿದಿತ್ತು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಹದಿಹರೆಯದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ದೂರು ದಾಖಲಾಯಿತು. ಬಾಂಬೆ ಹೈಕೋರ್ಟು ಪೊಲೀಸರಿಬ್ಬರನ್ನು ಶಿಕ್ಷಿಸಿತು. 1978ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಮೈಮೇಲೆ ಗಾಯಗಳಿರಲಿಲ್ಲ, ಆಕೆ ಕೂಗಿಕೊಂಡದ್ದು ನಂಬಲರ್ಹವಲ್ಲ ಎಂಬುದು ಮುಖ್ಯ ಕಾರಣವಾಗಿತ್ತು. ಊರೊಳಗಿನ ಕೂಗಿನ ನಿಯಮವೇ ಪೊಲೀಸ್ ಠಾಣೆಯೊಳಕ್ಕೆ ಬಂದು ಕುಳಿತಂತಾಯಿತು. ಆ ಹುಡುಗಿಯ ಹೆಸರು ಕಾನೂನು ಪುಸ್ತಕಗಳಲ್ಲಿ ಉಳಿದುಬಿಟ್ಟಿದೆ; ಇಲ್ಲಿ ಅದನ್ನು ಬರೆಯುವ ಅಗತ್ಯವಿಲ್ಲ.

1979ರಲ್ಲಿ ಉಪೇಂದ್ರ ಬಕ್ಷಿ, ವಸುಧಾ ಧಾಗಮವಾರ್, ರಘುನಾಥ ಕೇಳ್ಕರ್, ಲತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿಗೆ ಬಹಿರಂಗ ಪತ್ರ ಬರೆದರು. ಅಧೀನಳಾಗಿ ಸುಮ್ಮನಿರುವುದಕ್ಕೂ ಒಪ್ಪಿಗೆಗೂ ವ್ಯತ್ಯಾಸವಿದೆಯೆಂದು ಅವರು ವಾದಿಸಿದರು. ದೇಶದಾದ್ಯಂತ ಮಹಿಳಾ ಸಂಘಟನೆಗಳು ದನಿಗೂಡಿಸಿದವು. 1983ರಲ್ಲಿ ಕಾನೂನು ಬದಲಾಯಿತು: ಪೊಲೀಸ್ ವಶದಲ್ಲಿ ನಡೆಯುವಂತಹ ಅತ್ಯಾಚಾರದಲ್ಲಿ, ತಾನು ಒಪ್ಪಲಿಲ್ಲವೆಂದು ಆಕೆ ಹೇಳಿದರೆ ನ್ಯಾಯಾಲಯ ಹಾಗೆಯೇ ಭಾವಿಸಬೇಕು, ಆಕೆಯ ಗುರುತನ್ನು ಪ್ರಕಟಿಸುವುದು ಅಪರಾಧ. ಪುಣೆಯ ಕುಟುಂಬಗಳು ಹೆಸರು ಹೇಳಲು ಅಂಜಿದ 86 ವರ್ಷಗಳ ತರುವಾಯ ಕಾನೂನು ಆ ಅಂಜಿಕೆಯನ್ನು ಅರ್ಥಮಾಡಿಕೊಂಡಿತು. ದೆಹಲಿಯ ಘೋರ ಕೃತ್ಯದ ಬಳಿಕ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಸಲ್ಲಿಸಿತು; 2013ರ ತಿದ್ದುಪಡಿಯು ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆಯಿತ್ತೆಂದು ತಿಳಿಯಬಾರದೆಂದು ಸ್ಪಷ್ಟಪಡಿಸಿತು. ಭಯದಲ್ಲಿ ದೇಹ ಮರಗಟ್ಟುತ್ತದೆ, ದನಿ ಹೊರಡುವುದಿಲ್ಲ ಎಂಬ ಸತ್ಯವನ್ನು ಕಾನೂನು ಕೊನೆಗೂ ಒಪ್ಪಿತು.

4. ಕರ್ನಾಟಕದ ಮೂರು ಪ್ರಕರಣಗಳು

ನಮ್ಮ ರಾಜ್ಯದಿಂದ ಹೊರಟ ಮೂರು ಪ್ರಕರಣಗಳು ಈ ದಾರಿಯ ಏರಿಳಿತಗಳನ್ನು ತೋರಿಸುತ್ತವೆ. ಮೊದಲನೆಯದರಲ್ಲಿ ಏಳೆಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರವೆಸಗಿದವನಿಗೆ ವಿಚಾರಣಾ ನ್ಯಾಯಾಲಯವು 10 ವರ್ಷ ವಿಧಿಸಿತ್ತು. ಅವನು ಅನಕ್ಷರಸ್ಥ, ಕುಡಿದಿದ್ದ, ಸಂಸಾರಸ್ಥ ಎಂಬ ಕಾರಣಗಳಿಗೆ ಹೈಕೋರ್ಟು ಅದನ್ನು 4 ವರ್ಷಕ್ಕೆ ಇಳಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಮೂಲ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಅಪರಾಧಿಯ ಸಂಸಾರದ ಮೇಲಿನ ಕನಿಕರ ಮಗುವಿನ ಗಾಯವನ್ನು ಮರೆಸಬಾರದೆಂಬುದೇ ಇದರ ಪಾಠ.

ಎರಡನೆಯದು 2014ರ ಏಪ್ರಿಲ್ ತಿಂಗಳದು. ಕರ್ನಾಟಕ ಸರ್ಕಾರದ ಮೇಲ್ಮನವಿಯೊಂದನ್ನು ನೋಡುತ್ತಾ ಸುಪ್ರೀಂ ಕೋರ್ಟು, ದೂರು ಬಂದೊಡನೆ ಆಕೆಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ, ಸಾಧ್ಯವಾದಷ್ಟು ಮಹಿಳಾ ಮ್ಯಾಜಿಸ್ಟ್ರೇಟರ ಮುಂದೆ, ದಾಖಲಿಸಬೇಕೆಂದೂ 24 ಗಂಟೆಗಿಂತ ತಡವಾದರೆ ಕಾರಣ ಬರೆದಿಡಬೇಕೆಂದೂ ನಿರ್ದೇಶಿಸಿತು. ಹಂಟರ್ ಆಯೋಗದ ಮುಂದೆ ರಮಾಬಾಯಿಯವರು ಕೇಳಿದ ಸ್ಥಳದಂತಹುದೇ ಒಂದು ಸ್ಥಳವಿದು.

ಮೂರನೆಯದು ಎಚ್ಚರಿಕೆಯದು. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನು ಆದೇಶವೊಂದು, ಕೃತ್ಯದ ಬಳಿಕ ದಣಿದು ನಿದ್ರೆಹೋದೆನೆಂಬ ದೂರುದಾರಳ ವಿವರಣೆ ಭಾರತೀಯ ನಾರಿಗೆ ತಕ್ಕುದಲ್ಲವೆಂಬ ಅರ್ಥದ ಮಾತನ್ನಾಡಿತು. ಟೀಕೆ ಎದ್ದಿತು; ಕೆಲವೇ ದಿನಗಳಲ್ಲಿ ನ್ಯಾಯಾಲಯವು ಆ ಮಾತನ್ನು ಆದೇಶದಿಂದ ತೆಗೆದುಹಾಕಿತು. ಆ ದೂರು ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನೊಂದ ಹೆಣ್ಣು ಹೀಗೆಯೇ ಅಳಬೇಕು, ಹೀಗೆಯೇ ಕೂಗಬೇಕು ಎಂಬ ಅಚ್ಚು ಎಷ್ಟು ಬೇಗ ಮರಳಿ ಬರುತ್ತದೆಂಬುದನ್ನು ನಾವು ಗಮನಿಸಬೇಕು. ಆ ಅಚ್ಚು ನಮ್ಮ ಪ್ರಸಂಗಪೀಠಗಳಲ್ಲಿಯೂ ಇದೆ.

5. ಸಭೆಯ ಹೊಣೆ

ನಂಬುವುದೆಂದರೆ ತೀರ್ಪು ಕೊಡುವುದಲ್ಲ. ಆರೋಪಿಯ ಅಪರಾಧವನ್ನು ಸಾಬೀತುಪಡಿಸುವುದು ಪ್ರಾಸಿಕ್ಯೂಷನ್‌ನ ಕೆಲಸ, ತೀರ್ಮಾನ ನ್ಯಾಯಾಲಯದ್ದು. ಪಾಲಕರು ಆ ಕುರ್ಚಿಯಲ್ಲಿ ಕುಳಿತಿಲ್ಲ. ಆದುದರಿಂದ ಅವರು ಪಾಟೀಸವಾಲು ಮಾಡಬೇಕಾಗಿಲ್ಲ. ಅಷ್ಟು ಹೊತ್ತಿನಲ್ಲಿ ಅಲ್ಲಿಗೇಕೆ ಹೋದೆ, ಇಷ್ಟು ದಿನ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗಳು ಹಳೆಯ 155(4)ನೆಯ ಪ್ರಕರಣದ ಮಕ್ಕಳು. ನೀನು ಹೇಳಿದ್ದನ್ನು ನಾನು ನಂಬುತ್ತೇನೆ, ಇದು ನಿನ್ನ ತಪ್ಪಲ್ಲ, ಮುಂದಿನ ಹೆಜ್ಜೆಯಲ್ಲಿ ನಿನ್ನ ಜೊತೆಗಿರುತ್ತೇವೆ ಎಂಬ ಮೂರು ಮಾತುಗಳು ಮೊದಲ ಸಂಜೆಗೆ ಸಾಕು.

ಅನಂತರದ ಹೆಜ್ಜೆಗಳನ್ನೂ ತಿಳಿದಿರಬೇಕು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಉಚಿತ ಪ್ರಥಮ ಚಿಕಿತ್ಸೆ ನಿರಾಕರಿಸುವಂತಿಲ್ಲ. ಗರ್ಭ ನಿಲ್ಲದಂತೆ, ಎಚ್‌ಐವಿ ತಗುಲದಂತೆ ಕೊಡುವ ಔಷಧಿಗಳಿಗೆ ಮೊದಲ 72 ಗಂಟೆಗಳು ಅಮೂಲ್ಯ. ಬಟ್ಟೆಗಳನ್ನು ಒಗೆಯದೆ ತೆಗೆದಿಡಬೇಕು. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬಹುದು. ಮಹಿಳಾ ಸಹಾಯವಾಣಿಯ ಸಂಖ್ಯೆ 181. ವಯಸ್ಕಳಾದರೆ ಪೊಲೀಸರ ಬಳಿಗೆ ಹೋಗುವ ನಿರ್ಧಾರ ಆಕೆಯದು. ಆಕೆಯಿಂದ ಒಮ್ಮೆ ಬಲವಂತವಾಗಿ ಕಿತ್ತುಕೊಂಡ ಆಯ್ಕೆಯನ್ನು ನಾವು ಮತ್ತೆ ಕಿತ್ತುಕೊಳ್ಳಬಾರದು. 18 ವರ್ಷದೊಳಗಿನ ಮಗುವಾದರೆ ಮಾತು ಬೇರೆ. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದ ಯಾರೇ ಆಗಲಿ ವರದಿ ಮಾಡಲೇಬೇಕು. ಪಾಲಕರಿಗೂ ಗುರುಗಳಿಗೂ ಅದು ವಿನಾಯಿತಿ ಕೊಟ್ಟಿಲ್ಲ.

ಕೊನೆಯದಾಗಿ ನಮ್ಮದೇ ಆದ ಮೂರು ಶೋಧನೆಗಳಿವೆ. ಹಿರಿಯರನ್ನು ಕೂಡಿಸಿ ರಾಜಿ ಮಾಡಿಸುವುದು ಮೊದಲನೆಯದು. ಅದು ಅಬ್ಷಾಲೋಮನ ಸುಮ್ಮನಿರು ಎಂಬ ಮಾತಿನ ಇನ್ನೊಂದು ರೂಪ. ಕ್ಷಮಿಸೆಂದು ಆಕೆಯನ್ನು ಅವಸರಪಡಿಸುವುದು ಎರಡನೆಯದು. ಕ್ಷಮೆ ದೇವರ ಕೃಪೆಯಿಂದ ಒಳಗಿನಿಂದ ಮೂಡಬೇಕಾದದ್ದು, ಅದನ್ನು ಹೊರಗಿನಿಂದ ಹೇರಿದರೆ ಅದು ಅಪರಾಧಿಯ ಪರವಾದ ವಕಾಲತ್ತಾಗುತ್ತದೆ. ಪ್ರಾರ್ಥನಾ ಕೂಟದಲ್ಲಿ 'ನಮ್ಮ ಸಭೆಯ ಒಬ್ಬ ಸಹೋದರಿಗಾಗಿ' ಎಂದು ಆರಂಭಿಸಿ ಊರಿಗೆಲ್ಲ ಗುರುತು ಸಿಗುವಂತೆ ಮಾಡುವುದು ಮೂರನೆಯದು. ಆರೋಪಿಯು ಸಭೆಯ ಹಿರಿಯನೋ ಬೋಧಕನೋ ಆಗಿದ್ದರೆ ಈ ಶೋಧನೆಗಳು ಮೂರು ಪಟ್ಟು ಬಲಗೊಳ್ಳುತ್ತವೆ. ಆಗ ಸಭೆಯ ಹೆಸರನ್ನು ಕಾಪಾಡುವ ಆತುರ ದಾವೀದನ ಕೋಪದಷ್ಟೇ ನಿಷ್ಪ್ರಯೋಜಕ.

ಉಪಸಂಹಾರ

ತಾಮಾರಳಿಗೆ ಮನೆಯಿತ್ತು, ಕಿವಿಯಿರಲಿಲ್ಲ. ಪುಣೆಯ ಹುಡುಗಿಯರಿಗೆ ರಮಾಬಾಯಿಯವರ ಕಿವಿಯೂ ಮನೆಯೂ ದೊರೆತವು, ಕಾನೂನು ದೊರೆಯಲಿಲ್ಲ. ಇಂದು ಕಾನೂನು ಬಹುಮಟ್ಟಿಗೆ ಇದೆ. ಆದರೆ ಕಾನೂನಿನ ಬಾಗಿಲಿಗೆ ಬರುವ ಮುಂಚೆ ಆಕೆ ಇನ್ನೊಂದು ಬಾಗಿಲನ್ನು ತಟ್ಟುತ್ತಾಳೆ. ಭಾನುವಳ್ಳಿಯಂತಹ ಊರಿನಲ್ಲಿ ಅದು ಪಾಲಕರ ಮನೆಯ ಬಾಗಿಲಾಗಿರಬಹುದು. ಸ್ತ್ರೀಯರ ಮಾತನ್ನು ಹರಟೆಯೆಂದು ತಳ್ಳಿದ ಅಪೊಸ್ತಲರು ಆಮೇಲೆ ಎದ್ದುಬಂದ ಕರ್ತನನ್ನೇ ಕಂಡು ನಾಚಿದರು. ನಾವು ಅಷ್ಟು ತಡಮಾಡದಿರೋಣ.